ನಿನ್ನ ನಾಯಕಿ ಸಾಯಲೇಬೇಕೆ?

ಪುಟ್ಟಿ,
ಆಶೀರ್ವಾದಗಳು.

ಮನೆ ಸಮಾಚಾರವೆಲ್ಲ ನಿನ್ನಮ್ಮ ಹೇಳಿರುತ್ತಾಳೆ. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಕಾಗದದ ಕೊನೆಯ ಸಾಲು: ‘ನಾನು ಬರೆಯುವ ಹೆಂಗಸೂ ಕೊನೆಗೆ ಸತ್ತೇ ಹೋಗ್ತಾಳೆ ದೊಡ್ಡಮ್ಮ. ಬರೀತಿರೋ ಕೈ ನನ್ನದೋ, ಹಳೇ ಕಾದಂಬರಿಗಳದ್ದೋ?’

ನಿನ್ನ ಹೆದರಿಕೆ ಸುಳ್ಳೆನ್ನಲಾರೆ. ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’ ಕಾದಂಬರಿ ಶುರುವಾಗುವುದೇ ಅನ್ನಾಳ ಅಣ್ಣ ಸ್ತೀವನ ಹಾದರ ಬಯಲಾಗುವುದರಿಂದ. ಅವನ ಹೆಂಡತಿಯನ್ನು ಸಮಾಧಾನ ಮಾಡಲು ಬರುವವಳು ಅನ್ನಾಳೇ. ಅವನು ಔತಣ, ನೌಕರಿ, ಗೆಳೆಯರು ಯಾವುದನ್ನೂ ಕಳೆದುಕೊಳ್ಳುವುದಿಲ್ಲ. ಅದೇ ಹಾದಿ ಹಿಡಿದ ತಂಗಿ ರೈಲಿನಡಿ ಸಾಯುತ್ತಾಳೆ. ಹಾಗಂತ ಟಾಲ್‌ಸ್ಟಾಯ್ ಕುರುಡನಲ್ಲ, ಇಬ್ಬರನ್ನೂ ಬೇಕೆಂದೇ ಅಕ್ಕಪಕ್ಕ ಇಟ್ಟಿದ್ದಾನೆ.

ಫ್ಲೋಬೇರ್‌ನ ‘ಮದಾಂ ಬೋವರಿ’ ಕಾದಂಬರಿಯ ಎಮ್ಮಾ ಪ್ರೇಮಕ್ಕೆ ಸತ್ತಳು ಅನ್ನುತ್ತಾರೆ. ಲೆಕ್ಕ ಹಾಕಿ ನೋಡು: ಬಟ್ಟೆ ವ್ಯಾಪಾರಿ ಬರೆಸಿಕೊಂಡ ಸಾಲಪತ್ರಗಳು, ಗಂಡನಿಂದ ಪಡೆದ ಮುಖತ್ಯಾರನಾಮೆ, ಕಡೆಗೆ 24 ಗಂಟೆಯೊಳಗೆ 8,000 ಫ್ರಾಂಕ್ ಕಟ್ಟೆಂಬ ನೋಟೀಸು. ಆರ್ಸೆನಿಕ್ ಆಮೇಲಿನದು. ಗಂಡಾದರೆ ಸ್ವತಂತ್ರನಾಗಿರುತ್ತಾನೆಂದು ಗಂಡುಮಗುವಿಗೆ ಹಂಬಲಿಸಿದ್ದವಳು, ‘ಹೆಣ್ಣು’ ಅಂದದ್ದೇ ಮುಖ ತಿರುಗಿಸಿ ಎಚ್ಚರ ತಪ್ಪುತ್ತಾಳೆ. ಇಷ್ಟು ಕಂಡು ಬರೆದ ಫ್ಲೋಬೇರ್‌ನನ್ನೇ 1857ರಲ್ಲಿ ನೀತಿಗೆ ಧಕ್ಕೆ ತಂದನೆಂದು ಕಟಕಟೆಗೆ ಎಳೆದರು. ಕೆಡುಕಿನ ಮೇಲೆ ಅಸಹ್ಯ ಹುಟ್ಟಿಸಿ ಸನ್ನಡತೆಗೆ ಹಚ್ಚುವ ಪುಸ್ತಕವಿದು ಎಂದು ಅವನ ವಕೀಲ ವಾದಿಸಿದ, ಫ್ಲೋಬೇರ್ ಖುಲಾಸೆಯಾದ. ಹೆಣ್ಣಿನ ಆಸೆಯನ್ನು ಬಾಯಿಬಿಟ್ಟು ಹೇಳಲು ಅವಳ ಸಾವೇ ಸುಂಕವಾಗಿತ್ತು ಕಣೇ.

ಸುಂಕ ಕಟ್ಟದವರ ಗತಿ? 1879ರಲ್ಲಿ ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ನಾಟಕದ ನೋರಾ ಜೀವಂತವಾಗಿಯೇ ಮನೆ ಬಿಟ್ಟಳು. ಜರ್ಮನ್ ರಂಗಭೂಮಿಗೆಂದು ಅವನೇ ಮುಕ್ತಾಯ ತಿದ್ದಿಕೊಡಬೇಕಾಯಿತು. ಅದರಲ್ಲಿ ಅವಳು ಮಲಗಿದ ಮಕ್ಕಳನ್ನು ಕಂಡು ಬಾಗಿಲಲ್ಲೇ ಕುಸಿಯುತ್ತಾಳೆ.

ನಿನ್ನ ಹತ್ತಿರ ಈಗ ಆ ಸುಂಕ ಕೇಳುವವರು ಯಾರು? ನನಗೆ ಬರೆಯಲು ಬರುವುದಿಲ್ಲ, ಓದಿಸಿ ಗೊತ್ತು ಅಷ್ಟೇ. ಆದರೂ ಸಾವಿನ ಹಿಂದಿನ ಹತ್ತು ಪುಟದಲ್ಲಿ ಅವಳು ಮಾಡಿದ ಕೆಲಸಗಳಿಗೆಲ್ಲ ಅಡಿಗೆರೆ ಎಳೆ. ಅತ್ತಳು, ಕಾದಳು, ನೋಡಿದಳು ಇವಿಷ್ಟೇ ಸಿಕ್ಕರೆ ತೊಂದರೆ ಅಲ್ಲೇ ಇದೆ. ಅದೇ ಪುಟಕ್ಕೆ ಗಂಡಸಿನ ಹೆಸರು ಹಾಕಿ ಓದು. ಎಲ್ಲಿ ನಗು ಬರುತ್ತದೋ ಅಲ್ಲಿ ಹಳೇ ಅಚ್ಚು ಬಿದ್ದಿರುತ್ತದೆ. ಅದಕ್ಕೆ ಹೆದರಿ ಅವಳನ್ನು ಎದೆಯುಬ್ಬಿಸಿ ಭಾಷಣ ಮಾಡುವ ದಿಟ್ಟೆಯಾಗಿಸಬೇಡ, ಅದೂ ಅಚ್ಚೇ.

ಅವಳ ಪಕ್ಕದವಳನ್ನೂ ಮರೆಯಬೇಡ. ‘ಜೇನ್ ಏರ್’ನಲ್ಲಿ (1847) ಜೇನ್ ಮದುವೆಯಾಗಬೇಕಿದ್ದವನ ಹೆಂಡತಿ, ಅಟ್ಟದ ಮೇಲಿನ ಬರ್ತಾಳ ನಗು, ಗುರುಗುಟ್ಟು ಕೇಳಿಸುತ್ತವೆ, ಕಥೆಯನ್ನು ಮಾತ್ರ ಅವಳನ್ನು ಕೂಡಿಹಾಕಿದ ಗಂಡ ಹೇಳುತ್ತಾನೆ. ಅವಳಿಗೆ ಬಾಯಿ ಬರಲು 1966ರಲ್ಲಿ ಜೀನ್ ರೀಸ್ ಬೇರೆ ಕಾದಂಬರಿಯನ್ನೇ ಬರೆಯಬೇಕಾಯಿತು. ಪಾಠ ಮಾಡುವಾಗ ನಾನೂ ಬರ್ತಾಳನ್ನು ಜೇನ್‌ಳ ಮದುವೆಗೆ ಅಡ್ಡಿಯೆಂದಷ್ಟೇ ಹೇಳಿ ಮುಗಿಸುತ್ತಿದ್ದೆ. ಈಗ ನಾಚಿಕೆಯಾಗುತ್ತದೆ.

ಇದನ್ನೆಲ್ಲ ನೋಡಿದ ಮೇಲೂ ಅವಳು ಸಾಯುತ್ತೇನೆಂದರೆ ಸಾಯಲಿ ಬಿಡು, ಕೈ ನಿನ್ನದೇ. ಆದರೆ ಆ ರಾತ್ರಿ ಅವಳ ಹತ್ತಿರ ದುಡ್ಡೆಷ್ಟಿತ್ತು, ಯಾರ ಹೆಸರಲ್ಲಿತ್ತು? ಮುಂದಿನ ಕಾಗದದಲ್ಲಿ ಬರೆ.

ನಿನ್ನ
ದೊಡ್ಡಮ್ಮ