ಯಾವ ಸುದ್ದಿಗೆ ಯಾವ ದಾರಿ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ಬೆಂಗಳೂರಿನಲ್ಲಿ ಹೊಸ ಕೆಲಸಕ್ಕೆ ಸೇರಿರುವ ನಿನ್ನ ಕ್ಷೇಮವನ್ನು ಮನೆಮಂದಿಯೆಲ್ಲ ಹಾರೈಸುತ್ತಿದ್ದೇವೆ.

ಹೋದ ತಿಂಗಳು ನಮ್ಮ ದಾಯಾದಿ ಮನೆಯ ಹಿರಿಯರು ತೀರಿಕೊಂಡ ಸುದ್ದಿಯನ್ನು ಯಾರೋ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಅದರ ಮೇಲೊಂದು ಶುಭೋದಯದ ಗುಲಾಬಿ ಹೂವಿತ್ತು, ಕೆಳಗೆ ಯಾರದೋ ಮಗುವಿನ ಹುಟ್ಟುಹಬ್ಬದ ಶುಭಾಶಯವಿತ್ತು. ನೀನು ಅದನ್ನು ಮರುದಿನ ನೋಡಿ, ಮಣ್ಣಿಗೆ ಬರಲಾಗಲಿಲ್ಲವಲ್ಲ ಎಂದು ಕಣ್ಣೀರಿಟ್ಟೆಯೆಂದು ನಿನ್ನ ತಾಯಿ ಹೇಳಿದಳು. ನಿನ್ನದೇನೂ ತಪ್ಪಿಲ್ಲ, ಮಗಳೇ. ಎಂಥ ಸುದ್ದಿಯನ್ನು ಎಂಥ ದಾರಿಯಲ್ಲಿ ಕಳುಹಿಸಬೇಕೆಂಬ ತಿಳಿವಳಿಕೆ ನಮ್ಮ ಮನೆತನಗಳಲ್ಲಿ ಹಿಂದೆ ಇತ್ತು. ಅದು ಮರೆತುಹೋಗುತ್ತಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ನಾನು ತಾಲ್ಲೂಕು ಕೇಂದ್ರವೊಂದರ ತಂತಿ (ಟೆಲಿಗ್ರಾಂ) ಕಚೇರಿಯಲ್ಲಿ ದುಡಿದವನೆಂಬುದು ನಿನಗೆ ಗೊತ್ತು. ಆ ಕಾಲದಲ್ಲಿ ಓದು ಬಾರದವರಿಗೂ ಸುದ್ದಿಯ ತೂಕ ಗೊತ್ತಿತ್ತು. ಮಳೆ ಬೆಳೆ, ದನಕರು, ಹಬ್ಬಕ್ಕೆ ಬರುವ ವಿಚಾರಗಳು ಅಂಚೆ ಕಾರ್ಡಿನಲ್ಲಿ ಹೋಗುತ್ತಿದ್ದವು. ಕಾರ್ಡನ್ನು ಅಂಚೆಯವನೇ ಜಗಲಿಯಲ್ಲಿ ಕುಳಿತು ಓದಿ ಹೇಳುತ್ತಿದ್ದುದರಿಂದ ಹತ್ತು ಜನ ಕೇಳಬಾರದ ಮಾತನ್ನು ಯಾರೂ ಅದರಲ್ಲಿ ಬರೆಯುತ್ತಿರಲಿಲ್ಲ. ಮನೆಯೊಳಗಿನ ಮಾತಿಗೆ ಇನ್‌ಲ್ಯಾಂಡ್ ಪತ್ರವಿತ್ತು. ಜಾಗ ಸಾಲದೆ ಅಂಚಿನಲ್ಲಿ, ಅಂಟಿಸುವ ಮಡಿಕೆಯ ಮೇಲೂ ಅಡ್ಡಡ್ಡಲಾಗಿ ಬರೆದಿರುತ್ತಿದ್ದರು. ಜಾತಕಕ್ಕೆ ಲಕೋಟೆ, ಆಸ್ತಿಯ ವ್ಯವಹಾರಕ್ಕೆ ರಿಜಿಸ್ಟರ್ ಅಂಚೆ. ಲಗ್ನಪತ್ರಿಕೆಯ ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಸಾವಿನ ಕಾಗದದ ಮೂಲೆಗೆ ಕಪ್ಪು ಶಾಯಿ ಬಳಿದಿರುತ್ತಿತ್ತು. ಅದನ್ನು ಹೊಸಿಲು ದಾಟಿಸದೆ ಹೊರಗೇ ಓದಿ, ಹರಿದುಹಾಕಿ, ಸ್ನಾನ ಮಾಡಿ ಒಳಗೆ ಬರುತ್ತಿದ್ದರು. ಒಡೆಯುವ ಮೊದಲೇ ಒಳಗೇನಿದೆಯೆಂದು ಕಾಗದವೇ ಹೇಳಿ, ಓದುವವರ ಮನಸ್ಸನ್ನು ಸಿದ್ಧಪಡಿಸುತ್ತಿತ್ತು.

ತುರ್ತಿಗೆ ತಂತಿ. ಶಬ್ದದ ಲೆಕ್ಕದಲ್ಲಿ ದುಡ್ಡು ಕೊಡಬೇಕಾಗಿದ್ದುದರಿಂದ ಜನ ಕಿಟಕಿಯ ಹೊರಗೆ ನಿಂತು ಒಂದೊಂದೇ ಶಬ್ದವನ್ನು ಹೊಡೆದುಹಾಕುತ್ತಿದ್ದರು. ಮದುವೆಯ ಶುಭಾಶಯಕ್ಕೆ ಸಿದ್ಧ ವಾಕ್ಯಗಳಿದ್ದು, ಅವುಗಳ ಸಂಖ್ಯೆ ನಮೂದಿಸಿದರೆ ಆ ಕಡೆ ಪೂರ್ತಿ ವಾಕ್ಯ ತಲುಪುತ್ತಿತ್ತು. ಸಾವು ಮತ್ತು ತೀವ್ರ ಕಾಯಿಲೆಯ ತಂತಿಗಳಿಗೆ ವಿಶೇಷ ಗುರುತು ಹಾಕಿ, ಬೇರೆಲ್ಲವನ್ನೂ ಬದಿಗಿಟ್ಟು ಮೊದಲು ಕಳುಹಿಸುತ್ತಿದ್ದೆವು. ‘ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ’ ಎಂಬ ಒಕ್ಕಣೆ ನನ್ನ ಕೈಯಿಂದ ಎಷ್ಟು ಸಲ ಹೋಗಿದೆಯೋ! ಎಷ್ಟೋ ವೇಳೆ ತಂದೆಯ ಪ್ರಾಣ ಹೋಗಿ ತಾಸುಗಳೇ ಕಳೆದಿರುತ್ತಿದ್ದವು. ಆದರೂ ಹಿರಿಯರು ‘ಸೀರಿಯಸ್’ ಎಂದೇ ಬರೆಸುತ್ತಿದ್ದರು, ಏಕೆಂದರೆ ದೂರದ ಊರಿನಲ್ಲಿ ಒಬ್ಬನೇ ಇರುವ ಮಗ ರಾತ್ರಿಯ ಬಸ್ಸಿನಲ್ಲಿ ಕುಸಿಯದೆ ಊರು ಮುಟ್ಟಬೇಕಾಗಿತ್ತು, ಸತ್ಯವನ್ನು ಅವನು ತನ್ನವರ ಹೆಗಲ ಮೇಲೆ ತಲೆಯಿಟ್ಟು ಕೇಳಬೇಕಾಗಿತ್ತು. ಅದನ್ನು ಸುಳ್ಳೆನ್ನಲು ನನಗೆ ಎಂದೂ ಮನಸ್ಸಾಗಿಲ್ಲ. ಸುದ್ದಿ ತಲುಪುವ ಕ್ಷಣದಲ್ಲಿ ಕೇಳುವವನು ಎಲ್ಲಿದ್ದಾನೆ, ಯಾರೊಡನಿದ್ದಾನೆ ಎಂಬುದನ್ನು ಹೇಳುವವನು ಯೋಚಿಸುತ್ತಿದ್ದ.

ಹಾಗೆಂದು ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಗಂಡನ ಮನೆಯಲ್ಲಿದ್ದ ಹೆಣ್ಣುಮಗಳ ಹೆಸರಿಗೆ ಬಂದ ಕಾಗದವನ್ನು ಮಾವನೋ ಮೈದುನನೋ ಮೊದಲು ಒಡೆಯುತ್ತಿದ್ದ. ಅವಳ ಉತ್ತರವನ್ನು ಬರೆದುಕೊಡುವವನೂ ಅವನೇ. ‘ನಾನು ಸುಖವಾಗಿದ್ದೇನೆ’ ಎಂಬ ವಾಕ್ಯದ ಹಿಂದೆ ಏನೇನಿತ್ತೋ ತವರಿಗೆ ತಿಳಿಯುತ್ತಲೇ ಇರಲಿಲ್ಲ. ದೂರದ ಊರಿಗೆ ಫೋನಿನಲ್ಲಿ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕುಳಿತರೂ ಲೈನು ಸಿಗದೆ ಹಿಂದಿರುಗಿದವರನ್ನು ಕಂಡಿದ್ದೇನೆ. ಆದ್ದರಿಂದಲೇ ಕೇಂದ್ರ ಸರ್ಕಾರದ ದೂರವಾಣಿ ತಂತ್ರಜ್ಞಾನ ಸಂಸ್ಥೆಯಾದ ಸಿ–ಡಾಟ್ ರೂಪಿಸಿದ ಮೊದಲ ಗ್ರಾಮೀಣ ಟೆಲಿಫೋನ್ ವಿನಿಮಯ ಕೇಂದ್ರವು 1986ರ ಜುಲೈಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಆರಂಭವಾದಾಗ ನಮಗೆಲ್ಲ ಹಿಗ್ಗೋ ಹಿಗ್ಗು. 128 ಪೋರ್ಟುಗಳ, ಎಂದರೆ ಅಷ್ಟೇ ಜೋಡಣೆಗಳ, ಆ ಪುಟ್ಟ ಯಂತ್ರ ಹವಾನಿಯಂತ್ರಣವಿಲ್ಲದೆ, ನಮ್ಮ ಬಿಸಿಲು ಧೂಳಿನಲ್ಲೇ ಕೆಲಸ ಮಾಡುತ್ತಿತ್ತು. ಆಮೇಲೆ ಊರೂರಿಗೆ, ದುಡ್ಡು ಕೊಟ್ಟು ದೂರದ ಊರಿಗೆ ನೇರವಾಗಿ ಕರೆ ಮಾಡುವ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ 11ರ ಮೇಲೆ ಕಾಲುಭಾಗ ದರವೆಂದು ಆ ಹೊತ್ತಿಗೆ ಬೂತಿನ ಮುಂದೆ ಸಾಲು ನಿಲ್ಲುತ್ತಿತ್ತು. ಗಾಜಿನ ಬಾಗಿಲು ಮುಚ್ಚಿಕೊಂಡು ಹೆಣ್ಣುಮಕ್ಕಳು ತಾಯಿಯೊಡನೆ ಮನಸ್ಸು ಬಿಚ್ಚಿ ಮಾತಾಡಿದ್ದು ಅಲ್ಲಿಯೇ. ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ನಡೆದಾಗ ಬಂದ ಕರೆಗೂ ದುಡ್ಡು ತೆರಬೇಕಾಗಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಫೋನು ಬಡವರ ಕಿಸೆಗೂ ಇಳಿಯಿತು. ಅಕ್ಷರ ಬಾರದ ನಿನ್ನ ಸೋದರತ್ತೆ ಇಂದು ಫೋನಿನಲ್ಲಿ ತನ್ನ ದನಿಯನ್ನೇ ಮುದ್ರಿಸಿ ದುಬೈಯಲ್ಲಿರುವ ಮಗನಿಗೆ ಕಳುಹಿಸುತ್ತಾಳೆ. ಅವಳ ಮಾತಿಗೂ ಮಗನ ಕಿವಿಗೂ ನಡುವೆ ಈಗ ಯಾರೂ ಇಲ್ಲ. ಇದಕ್ಕಿಂತ ದೊಡ್ಡ ಉಪಕಾರವನ್ನು ಹಳೆಯ ಅಂಚೆ ಮಾಡಿರಲಿಲ್ಲ.

ಕಷ್ಟ ಬಂದಿರುವುದು ಬೇರೆ ಕಡೆಯಿಂದ. 2013ರ ಜುಲೈ 14ರ ರಾತ್ರಿ ಕೊನೆಯ ತಂತಿಗಳನ್ನು ಸ್ವೀಕರಿಸಿ ಆ ಸೇವೆ ಮುಗಿಯಿತು. ರಿಜಿಸ್ಟರ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ಮನೆಮಂದಿಯ ಮಾತು, ಊರಿನ ಮಾತು, ಸಾವು, ಲಗ್ನ, ತಮಾಷೆ, ಜಗಳ, ಗಾಳಿಸುದ್ದಿ ಎಲ್ಲವೂ ಈಗ ಒಂದೇ ಪರದೆಯ ಮೇಲೆ, ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ಬಗೆಯ ಸದ್ದಿನೊಡನೆ ಬರುತ್ತವೆ. ಯಾವುದು ಮುಖ್ಯವೆಂದು ಫೋನು ಹೇಳುವುದಿಲ್ಲ. ಕಳುಹಿಸುವವನೂ ಹೇಳುವುದಿಲ್ಲ.

ಇದರ ಕೇಡು ಮನೆಯೊಳಗೇ ನಿಲ್ಲುವುದಿಲ್ಲ. ನೀನಿರುವ ಬೆಂಗಳೂರಿನಿಂದಲೇ 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ತಮ್ಮ ಮೇಲೆ ದಾಳಿಯಾಗುವುದೆಂಬ ವದಂತಿಗೆ ಹೆದರಿ ಗುವಾಹಟಿಯ ರೈಲು ಹತ್ತಿದರು. ಅವರಿಗಾಗಿ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ ಕೆಲವು ದಿನ ಒಮ್ಮೆಗೇ ಐದಕ್ಕಿಂತ ಹೆಚ್ಚು ಮಂದಿಗೆ ಎಸ್‌ಎಂಎಸ್ ಕಳುಹಿಸದಂತೆ ತಡೆಯಿತು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುದ್ದಿ ನಂಬಿದ ಗುಂಪು ಹೈದರಾಬಾದಿನ ತರುಣ ಎಂಜಿನಿಯರನೊಬ್ಬನನ್ನು ಬಡಿದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಆ ಅನುಮಾನಕ್ಕೆ ಕಾರಣವಾಗಿತ್ತು. ಅಂಚೆ ಕಾರ್ಡಿನ ಕಾಲದಲ್ಲಿ ವದಂತಿ ಇರಲಿಲ್ಲವೆಂದಲ್ಲ, ಆದರೆ ಅದು ನಡೆದು ಬರುತ್ತಿತ್ತು, ದಾರಿಯಲ್ಲಿ ಯಾರಾದರೊಬ್ಬರು ‘ನೀನು ಕಂಡೆಯಾ?’ ಎಂದು ತಡೆದು ಕೇಳುತ್ತಿದ್ದರು. ಆ ತಡೆದು ಕೇಳುವ ಕೆಲಸ ಈಗ ನಿನ್ನ ಬೆರಳಿನದು. ಯಾರು ಹೇಳಿದರು, ಎಂದು, ಎಲ್ಲಿಯದು ಎಂಬುದು ತಿಳಿಯದ ಯಾವುದನ್ನೂ ಮುಂದಕ್ಕೆ ಕಳುಹಿಸಬೇಡ. ಹಿರಿಯರು ಕಳುಹಿಸಿದರೆಂಬ ದಾಕ್ಷಿಣ್ಯವೂ ಬೇಡ.

ಇನ್ನು ಮನೆಯ ವಿಚಾರ. ಸಾವು, ಅಪಘಾತ, ಆಸ್ಪತ್ರೆಯ ಸುದ್ದಿಗಳನ್ನು ಫೋನು ಮಾಡಿಯೇ ತಿಳಿಸು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ. ಅವರು ಗಾಡಿ ಓಡಿಸುತ್ತಿದ್ದಾರೆಯೇ, ಜೊತೆಗೆ ಯಾರಿದ್ದಾರೆ ಎಂದು ಕೇಳಿ ಆಮೇಲೆ ಹೇಳು. ಗುಂಪಿಗೆ ಹಾಕುವುದು ಕೊನೆಗೆ. ಅಣ್ಣತಮ್ಮಂದಿರ ನಡುವೆ ಮನಸ್ತಾಪ ಬಂದರೆ ಗುಂಪಿನಲ್ಲಿ ಒಂದಕ್ಷರವೂ ಬೇಡ. ಅಲ್ಲಿ ಆಡಿದ ಕಟು ಮಾತಿಗೆ ಐವತ್ತು ಸಾಕ್ಷಿಗಳಿರುತ್ತಾರೆ, ಹಿಂತೆಗೆದುಕೊಳ್ಳುವುದು ಯಾರ ಮಾನಕ್ಕೂ ಒಗ್ಗುವುದಿಲ್ಲ. ಬಸ್ಸು ಹತ್ತಿ ಹೋಗಿ ಎದುರು ಕುಳಿತು ಮಾತಾಡು. ಹಣ ಕಾಸಿನ ಮಾತನ್ನು ಮಾತ್ರ ಎಷ್ಟೇ ಹತ್ತಿರದವರಾದರೂ ತಾರೀಖು ಹಾಕಿ, ಸಹಿ ಮಾಡಿ ಕಾಗದದಲ್ಲಿಡು. ನಿನ್ನ ಅಜ್ಜಿಗೆ ಆಗಾಗ ಕಾಗದ ಬರೆ. ಅವಳು ಫೋನಿನಲ್ಲಿ ನಿನ್ನ ದನಿ ಕೇಳಿ ಸಂತೋಷಪಡುತ್ತಾಳೆ ನಿಜ, ಆದರೆ ಕಿವಿ ಮಂದವಾಗಿರುವುದರಿಂದ ಅರ್ಧ ಮಾತು ತಪ್ಪಿಹೋಗುತ್ತದೆ. ಕಾಗದವನ್ನಾದರೆ ಕನ್ನಡಕ ಹಾಕಿಕೊಂಡು ತನಗೆ ಬೇಕಾದಷ್ಟು ಸಲ ಓದುತ್ತಾಳೆ.

ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆಯ ದಿನವನ್ನು ವೈದ್ಯರು ಇನ್ನೂ ಹೇಳಿಲ್ಲ. ಗೊತ್ತಾದ ಕೂಡಲೇ ನಾನೇ ಫೋನು ಮಾಡುತ್ತೇನೆ, ಗುಂಪಿನಲ್ಲಿ ಹುಡುಕಬೇಡ. ರಾತ್ರಿ ಮಲಗುವಾಗ ಬೇರೆ ಸದ್ದುಗಳನ್ನೆಲ್ಲ ನಿಲ್ಲಿಸಿದರೂ ಊರಿನ ನಮ್ಮ ನಾಲ್ಕು ನಂಬರುಗಳಿಗೆ ಮಾತ್ರ ಸದ್ದು ಇರುವಂತೆ ಮಾಡಿಕೊ.

ಇಂತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ