ಲೇಸರ್ ಆದಮೇಲೆ ಎಷ್ಟು ನೋವು ಅಂತ ಮೊದಲೇ ಕನ್ನಡದಲ್ಲಿ ಹೇಳಿ

ಸಂಪಾದಕರಿಗೆ ನಮಸ್ಕಾರ.

ಪರೀಕ್ಷೆಗಳು ಮುಗಿದಿವೆ, ರಜೆ ಬಂದಿದೆ. ನವನಗರದಲ್ಲಿ ನನಗೆ ಗೊತ್ತಿರುವ ಮೂರು ಮನೆಗಳಲ್ಲಿ ಮಕ್ಕಳ ಕನ್ನಡಕ ಬಿಡಿಸಲು ಲೇಸರ್ ಮಾಡಿಸುವ ಮಾತು ನಡೆದಿದೆ. ಒಬ್ಬ ಪೊಲೀಸ್ ಭರ್ತಿಗೆ ತಯಾರಿ ಮಾಡುತ್ತಿದ್ದಾನೆ, ಒಬ್ಬಳಿಗೆ ಗಂಡು ನೋಡುತ್ತಿದ್ದಾರೆ. ನಾನು ಹೋದ ವರ್ಷ ಮಾಡಿಸಿಕೊಂಡವಳು ಅಂತ ಎಲ್ಲರೂ ಬಂದು ನನ್ನನ್ನೇ ಕೇಳುತ್ತಾರೆ, "ಬ್ಯಾನಿ ಆಗ್ತದೇನು?" ಅಂತ. ಆಪರೇಷನ್‌ಗೆ ಮೊದಲು ನಾನೂ ಇದನ್ನೇ ಕೇಳಿದ್ದೆ. ಸಿಕ್ಕ ಉತ್ತರ: "ಏನೂ ಇಲ್ರಿ, ಹತ್ತು ನಿಮಿಷದ ಕೆಲಸ, ನಾಡಿದ್ದು ಡ್ಯೂಟಿಗೆ ಹೋಗ್ತೀರಿ." ಈ ಪತ್ರ ಬರೆಯುತ್ತಿರುವುದು ಆ ಉತ್ತರದ ಬಗ್ಗೆ.

ಹತ್ತು ನಿಮಿಷ ಅನ್ನುವುದು ನಿಜ. ಮಾಡುವಾಗ ನೋವಿಲ್ಲ ಅನ್ನುವುದೂ ನಿಜ, ಕಣ್ಣು ಮರಗಟ್ಟುವ ಹನಿ ಹಾಕಿರುತ್ತಾರೆ. ಆದರೆ ಲೇಸರ್ ಅನ್ನುವ ಒಂದೇ ಹೆಸರಲ್ಲಿ ಬೇರೆ ಬೇರೆ ಆಪರೇಷನ್‌ಗಳಿವೆ, ಅವುಗಳ ನೋವೂ ಬೇರೆ ಬೇರೆ, ಇದನ್ನು ನನಗೆ ಯಾರೂ ಹೇಳಲಿಲ್ಲ. ಲಾಸಿಕ್‌ನಲ್ಲಿ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ, ಅಂದರೆ ಕಾರ್ನಿಯಾದಲ್ಲಿ, ತೆಳ್ಳನೆಯ ಒಂದು ಪದರವನ್ನು ಬಿಡಿಸಿ, ಪುಸ್ತಕದ ಹಾಳೆ ತಿರುವಿದ ಹಾಗೆ ಮಡಚಿ, ಒಳಗೆ ಲೇಸರ್ ಹಾಯಿಸಿ ಮತ್ತೆ ಮುಚ್ಚುತ್ತಾರೆ. ಸ್ಮೈಲ್ ಅನ್ನುವುದರಲ್ಲಿ ಕೆಲವೇ ಮಿಲಿಮೀಟರಿನ ಸಣ್ಣ ಸೀಳು. ಇವೆರಡರಲ್ಲೂ ಉರಿ, ನೀರು ಸುರಿಯುವುದು ಜಾಸ್ತಿ ಇರುವುದು ಮೊದಲ ಕೆಲವು ಗಂಟೆ. ಪಿಆರ್‌ಕೆ ಹಾಗಲ್ಲ. ಅದರಲ್ಲಿ ಕಾರ್ನಿಯಾದ ಮೇಲ್ಚರ್ಮವನ್ನೇ ತೆಗೆದುಬಿಡುತ್ತಾರೆ. ಅದು ಹೊಸದಾಗಿ ಬೆಳೆದು ಮುಚ್ಚಲು ನಾಲ್ಕೈದು ದಿನ ಬೇಕು, ಅಲ್ಲಿಯವರೆಗೆ ಮೇಲೆ ಒಂದು ಬ್ಯಾಂಡೇಜ್ ಲೆನ್ಸ್ ಇಟ್ಟು ಕಳಿಸುತ್ತಾರೆ. ಚರ್ಮ ಸುಲಿದ ಮೊಣಕಾಲಿಗೆ ಗಾಳಿ ಬಡಿದರೆ ಹೇಗಿರುತ್ತದೆ ಅಂತ ನೆನಪಿಸಿಕೊಳ್ಳಿ. ಕಾರ್ನಿಯಾದಲ್ಲಿ ಇರುವಷ್ಟು ನೋವಿನ ನರಗಳು ಮೈಯ ಬೇರೆ ಜಾಗದಲ್ಲಿ ಸಿಗುವುದು ಕಷ್ಟ.

ಕಾರ್ನಿಯಾದ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದರೆ ಅರ್ಧ ಮಿಲಿಮೀಟರ್. ನನ್ನದು 490. ಕಾರ್ನಿಯಾ ತೆಳ್ಳಗಿದ್ದವರಿಗೆ ಪಿಆರ್‌ಕೆ ಮಾಡುವುದೇ ಕ್ಷೇಮ, ಹಾಗಾಗಿ ಡಾಕ್ಟರು ಮಾಡಿದ್ದು ಸರಿಯಾಗಿಯೇ ಇದೆ. ಆದರೆ ಮಾಡಿದ್ದು ಪಿಆರ್‌ಕೆ, ಹೇಳಿದ್ದು ಲಾಸಿಕ್‌ನ ನೋವು. ನನ್ನ ದೂರು ಅದು.

ದೊಡ್ಡ ಊರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಸಂಜೆ ಬಸ್ಸಿನಲ್ಲಿ ತಲೆ ಮೇಲೆ ಸೆರಗು ಎಳೆದುಕೊಂಡು ಬಾಗಲಕೋಟೆಗೆ ಬಂದೆ. ಮೊದಲ ರಾತ್ರಿ ಹೇಗೋ ಕಳೆಯಿತು. ಎರಡನೇ ರಾತ್ರಿ ಕಣ್ಣಲ್ಲಿ ಖಾರಪುಡಿ ತುಂಬಿ ರೆಪ್ಪೆ ಹೊಲಿದ ಹಾಗೆ ಆಯಿತು. ಮೊಬೈಲ್ ಬೆಳಕು ಬೇಡ, ದೇವರ ಕೋಣೆಯ ದೀಪದ ಬೆಳಕೂ ತಡೆಯುತ್ತಿರಲಿಲ್ಲ. ಕುಳಿತರೆ ನೀರು ಸುರಿದು ಕುಪ್ಪಸ ಒದ್ದೆ, ಮಲಗಿದರೆ ಕಿವಿಯೊಳಗೆ ನೀರು. ಆಪರೇಷನ್ ಕೆಟ್ಟಿದೆ, ಕಣ್ಣು ಹೋಯಿತು ಅಂತಲೇ ಅಂದುಕೊಂಡೆ. ಆಸ್ಪತ್ರೆಯ ಕಾಗದದ ಮೇಲೆ ರಾತ್ರಿ ಮಾಡಬಹುದಾದ ನಂಬರ್ ಇತ್ತು. ಅಣ್ಣ ಆರು ಸಲ ಮಾಡಿದ, ಯಾರೂ ಎತ್ತಲಿಲ್ಲ. ಆಮೇಲೆ ತಿಳಿಯಿತು, ಪಿಆರ್‌ಕೆ ಆದವರಿಗೆ ಮೊದಲ ಎರಡು ಮೂರು ದಿನ ಇಷ್ಟು ನೋವು ಇರುವುದು ಸಾಮಾನ್ಯ ಅಂತೆ. ಇದನ್ನು ಮೊದಲೇ ಒಂದು ಮಾತು ಹೇಳಿದ್ದರೆ ನೋವು ಕಡಿಮೆ ಆಗುತ್ತಿರಲಿಲ್ಲ ಸರಿ, ಆ ಹೆದರಿಕೆಯಾದರೂ ಇರುತ್ತಿರಲಿಲ್ಲ ಅಲ್ವಾ?

ಅದೇ ರಾತ್ರಿ ಇನ್ನೊಂದು ಆಗುವುದರಲ್ಲಿತ್ತು. ಆಪರೇಷನ್ ಟೇಬಲ್ ಮೇಲೆ ಹಾಕಿದ ಆ ಮರಗಟ್ಟುವ ಹನಿ ಸಿಕ್ಕರೆ ಸಾಕು ಅಂತ ನಾನೇ ಅತ್ತು ಅಣ್ಣನನ್ನು ಮೆಡಿಕಲ್ ಅಂಗಡಿಗೆ ಓಡಿಸಿದೆ. ಅಂಗಡಿಯವರು ಹೆಸರು ಕೇಳಿದ ಕೂಡಲೇ, "ಅದು ಮನ್ಯಾಗ ಹಾಕೂದಲ್ರಿ, ಕಣ್ಣು ಕೆಡ್ತದ" ಅಂತ ಬರಿಗೈಲಿ ಕಳಿಸಿದರು. ಆಗ ಸಿಟ್ಟು ಬಂದಿತ್ತು, ಈಗ ಅವರ ಋಣ ನನ್ನ ಮೇಲಿದೆ. ಆ ಹನಿಯನ್ನು ಪದೇ ಪದೇ ಹಾಕಿಕೊಂಡರೆ ಹೊಸ ಚರ್ಮ ಬೆಳೆಯುವುದು ನಿಲ್ಲುತ್ತದೆ, ಹುಣ್ಣಾಗುತ್ತದೆ, ದೃಷ್ಟಿಯೇ ಹೋಗಬಹುದು. ನೋವಿಗೆ ಡಾಕ್ಟರು ಬರೆದ ಮಾತ್ರೆ, ಅವರು ಕೊಟ್ಟ ಹನಿ, ಕತ್ತಲೆ ಕೋಣೆ, ಇಷ್ಟೇ. ನಮ್ಮ ಕಡೆ ಇನ್ನೂ ಎದೆಹಾಲು ಬಿಡು, ಔಡಲೆಣ್ಣೆ ಬಿಡು, ಜೇನುತುಪ್ಪ ಹಚ್ಚು ಅನ್ನುವವರಿದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ನನಗೂ ಚಿಗವ್ವ ಹೇಳಿದಳು. ದಯವಿಟ್ಟು ಯಾವುದನ್ನೂ ಬಿಡಬೇಡಿ. ಅದು ತೆರೆದ ಗಾಯ, ನಂಜಾದರೆ ಕಷ್ಟ.

ಇನ್ನು ಆ ಕಾಗದದ ವಿಷಯ. ಹನಿ ಹಾಕುವ ಕ್ರಮವೆಲ್ಲ ಇಂಗ್ಲಿಷಿನಲ್ಲಿತ್ತು. ನನಗೆ ಇಂಗ್ಲಿಷ್ ಬರುತ್ತದೆ, ಆದರೆ ಕಣ್ಣು ತೆರೆಯಲು ಆಗದವಳು ನಾನೇ. ಹನಿ ಹಾಕಬೇಕಾದವಳು ಅವ್ವ. ಅವ್ವ ದಿನಾ ನಿಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾಳೆ. ಆ ಕಾಗದ ಹಿಡಿದು ಮಾತ್ರ ಸುಮ್ನೆ ನಿಂತಿದ್ದಳು. ಮೂರು ಬಾಟಲಿ, ಮೂರೂ ಬಿಳಿ, ಕಿರುಬೆರಳಿನಷ್ಟೇ ಉದ್ದ, ಮೇಲೆ ಇರುವೆಯಂಥ ಅಕ್ಷರ. ಅವಳ ತವರು ಗುಳೇದಗುಡ್ಡ, ಕುಪ್ಪಸದ ಖಣ ನೇಯುವ ಮನೆ. ಅಣ್ಣನ ಕೈಲಿ ಓದಿಸಿಕೊಂಡು ಪೆಟ್ಟಿಗೆಯಿಂದ ನೂಲು ತೆಗೆದು ಬಾಟಲಿಗಳ ಕುತ್ತಿಗೆಗೆ ಕಟ್ಟಿದಳು. ಆಂಟಿಬಯೋಟಿಕ್‌ಗೆ ಕೆಂಪು, ಸ್ಟಿರಾಯ್ಡ್‌ಗೆ ಹಸಿರು, ಕಣ್ಣು ಒಣಗದ ಹಾಗೆ ಹಾಕುವ ಕಣ್ಣೀರಿನ ಹನಿಗೆ ಹಳದಿ. ಗೋಡೆಯ ಕ್ಯಾಲೆಂಡರಿನ ಮೇಲೆ ಹಾಕಿದ ಹೊತ್ತಿಗೆಲ್ಲ ಒಂದೊಂದು ಗೀಟು. ಒಂದು ಹನಿ ಹಾಕಿದ ಮೇಲೆ ಐದು ನಿಮಿಷ ಬಿಟ್ಟು ಇನ್ನೊಂದು, ಇಲ್ಲದಿದ್ದರೆ ಮೊದಲಿನದು ತೊಳೆದುಹೋಗುತ್ತದೆ. ಒಂದು ಹೊತ್ತೂ ತಪ್ಪಿಸಲಿಲ್ಲ.

ಐದನೇ ದಿನ ಲೆನ್ಸ್ ತೆಗೆದರು. ನೋವು ಹೋಗಿತ್ತು, ಆದರೆ ನೋಟ ಮಂಜು ಮಂಜು. ಪಿಆರ್‌ಕೆಯಲ್ಲಿ ನೋಟ ತಿಳಿಯಾಗುವುದು ವಾರಗಳ ಮೇಲೆ. ನಾನು ಪತ್ತಿನ ಸಹಕಾರಿ ಸಂಘವೊಂದರಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು. "ನಾಡಿದ್ದು ಡ್ಯೂಟಿ" ನಂಬಿ ಮೂರೇ ದಿನ ರಜೆ ಹಾಕಿದ್ದೆ. ಕೊನೆಗೆ ಸಂಬಳವಿಲ್ಲದ ರಜೆ ಹದಿನಾಲ್ಕು ದಿನ. ಅಷ್ಟರಲ್ಲಿ ಹೋಳಿ ಬಂತು. ಬಾಗಲಕೋಟೆಯ ಹೋಳಿ ಒಂದು ದಿನಕ್ಕೆ ಮುಗಿಯುವುದಲ್ಲ ಅಂತ ನಿಮಗೆ ಗೊತ್ತು. ಹಲಗಿ ಸದ್ದು ಕೇಳುತ್ತ, ಕಿಟಕಿ ಮುಚ್ಚಿಕೊಂಡು, ಬಣ್ಣದ ಒಂದು ಹನಿಯೂ ಕಣ್ಣಿಗೆ ಬೀಳದ ಹಾಗೆ ಒಳಗೇ ಕುಳಿತಿದ್ದೆ. ಮಾಡಿಸುವವರು ತಿಂಗಳು ನೋಡಿ ಮಾಡಿಸಿ. ಹೋಳಿ, ಜೋಳದ ರಾಶಿ, ಜಾತ್ರೆಯ ಧೂಳು ಯಾವುದೂ ಹತ್ತಿರ ಇರಬಾರದು. ನಮ್ಮ ಬಿಸಿಲಿಗೆ ಕಪ್ಪು ಕನ್ನಡಕವನ್ನು ಕೆಲವು ತಿಂಗಳು ಬಿಡಬಾರದು, ಪಿಆರ್‌ಕೆ ಆದ ಕಣ್ಣಿಗೆ ಬಿಸಿಲು ಜಾಸ್ತಿ ಬಿದ್ದರೆ ಕಾರ್ನಿಯಾದಲ್ಲಿ ಮಸುಕು ಕಟ್ಟುವ ಭಯವಿದೆ.

ಆಮೇಲೂ ಮೂರ್ನಾಲ್ಕು ತಿಂಗಳು ಬೆಳಗ್ಗೆ ಕಣ್ಣು ಬಿಡುವಾಗ ಚುಚ್ಚುತ್ತಿತ್ತು. ಲೇಸರ್ ಯಾವುದೇ ಇರಲಿ, ಕಣ್ಣಿನ ಸಣ್ಣ ನರಗಳಿಗೆ ಪೆಟ್ಟು ಬೀಳುತ್ತದೆ, ಅವು ಮತ್ತೆ ಬೆಳೆಯುವವರೆಗೆ ಕಣ್ಣು ಒಣಗುತ್ತದೆ. ಕಣ್ಣೀರಿನ ಹನಿ ಹಾಕಿಕೊಂಡು ಕಾಯಬೇಕು. ಆದರೆ ಹಿತ ಅನಿಸಿತು ಅಂತ ಸ್ಟಿರಾಯ್ಡ್ ಹನಿಯನ್ನು ನೀವೇ ಮುಂದುವರಿಸಬೇಡಿ, ಅದು ಕಣ್ಣಿನ ಒಳಗಿನ ಒತ್ತಡ ಏರಿಸಬಹುದು. ಡಾಕ್ಟರು ಹೇಳದೆ ನಿಲ್ಲಿಸುವುದೂ ಬೇಡ. ತೀರ ಕೆಲವರಿಗೆ ಕಣ್ಣು ನೋಡಲು ಚೆನ್ನಾಗಿದ್ದರೂ ನೋವು ತಿಂಗಳುಗಟ್ಟಲೆ ಹೋಗುವುದಿಲ್ಲ. ಅದು ನರದ ನೋವು. ಅಂಥವರಿಗೆ "ಎಲ್ಲಾ ಸರಿ ಇದೆ, ನಿಮ್ಮ ಮನಸ್ಸಿಂದು" ಅಂತ ಹೇಳಿ ಕಳಿಸಬೇಡಿ ಅಂತ ಡಾಕ್ಟರುಗಳಲ್ಲಿ ಕೈಮುಗಿದು ಕೇಳುತ್ತೇನೆ.

ನನಗೆ ಮಾಡಿಸಿದ್ದಕ್ಕೆ ಬೇಸರವಿಲ್ಲ. ಮೈನಸ್ ಐದೂವರೆ ಇದ್ದವಳು ಈಗ ಬಸ್ಸಿನ ಬೋರ್ಡನ್ನು ದೂರದಿಂದಲೇ ಓದುತ್ತೇನೆ. ನಾನು ಕೇಳುತ್ತಿರುವುದು ಒಂದು ಹಾಳೆ. ಯಾವ ಲೇಸರ್, ಎಷ್ಟು ದಿನ ನೋವು, ಯಾವ ಬಾಟಲಿ ಯಾವಾಗ, ಎಷ್ಟು ರಜೆ ಬೇಕು, ಇದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಆಪರೇಷನ್‌ಗೆ ಒಂದು ವಾರ ಮೊದಲೇ ಮನೆಯವರ ಕೈಗೆ ಕೊಡಲಿ. ಕಡಿಮೆಯಾದ ನೋವು ಮತ್ತೆ ಏರಿದರೆ, ತಿಳಿಯಾದ ನೋಟ ಮತ್ತೆ ಮಂಜಾದರೆ, ಕೀವು ಬಂದರೆ, ಕಣ್ಣಿಗೆ ಪೆಟ್ಟು ಬಿದ್ದರೆ ಅದೇ ದಿನ ಬನ್ನಿ ಅಂತಲೂ ಅದರಲ್ಲಿರಲಿ. ರಾತ್ರಿ ಎತ್ತುವ ಒಂದು ಫೋನ್ ನಂಬರ್ ಇರಲಿ.

ಅಂಥ ಹಾಳೆಯೊಂದನ್ನು ಅವ್ವ ಈಗಾಗಲೇ ಬರೆದಿದ್ದಾಳೆ, ಮೂರು ಬಣ್ಣದ ಪೆನ್ನಿನಲ್ಲಿ. ನನ್ನನ್ನು ನೋಡುವ ಇಲ್ಲಿನ ಕಣ್ಣಿನ ಡಾಕ್ಟರಿಗೆ ತೋರಿಸಿ ತಿದ್ದಿಸಿ, ಪೊಲೀಸ್ ಭರ್ತಿಯ ಹುಡುಗನ ಮನೆಗೆ ಕೊಟ್ಟು ಬಂದಿದ್ದೇವೆ. ಯಾವ ಆಸ್ಪತ್ರೆಯವರು ಕೇಳಿದರೂ ಒಂದು ಪ್ರತಿ ಕೊಡುತ್ತೇವೆ.

ಇಂತಿ,
ನಿಮ್ಮ ಓದುಗಿ,
ನವನಗರ, ಬಾಗಲಕೋಟೆ