ಎಲೆ ಕಟ್ಟಲು ಬರುತ್ತದೆ ಅಂದುಕೊಂಡಿದ್ದೆ

ಪ್ರಿಯ ಗೆಳೆಯಾ,

ನೀನು ನಗುತ್ತೀಯ ಅಂತ ಗೊತ್ತು, ಆದರೂ ಬರೆಯುತ್ತೇನೆ. ಅಷ್ಟಮಿಗೆ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ, ನಮ್ಮ ಮೂಡೆ, ತಿಂದು ಬೆಳೆದವನಿಗೆ ಎಲೆಯಲ್ಲಿ ಅಕ್ಕಿ ಕಟ್ಟಲು ಬರಲಿಲ್ಲ ಮಾರಾಯ!

ಇಲ್ಲಿ ಚೀನಾದ ಸುಝೌನಲ್ಲಿ ಈ ವರ್ಷ, 2025ರಲ್ಲಿ, ಮೇ 31ಕ್ಕೆ ದುವಾನ್‌ವು ಹಬ್ಬ ಬಂದಿತ್ತು. ಚೀನಾದ ಪಂಚಾಂಗದ ಐದನೇ ತಿಂಗಳ ಐದನೇ ದಿನ. ಡ್ರ್ಯಾಗನ್ ದೋಣಿ ಹಬ್ಬ ಅಂತ ನಾವು ಕೇಳಿದ್ದು ಇದನ್ನೇ. ಹಬ್ಬದ ಹಿಂದಿನ ವಾರ ನಮ್ಮ ಬಡಾವಣೆಯಲ್ಲಿ ‘ಝೊಂಗ್‌ಝಿ ಕಟ್ಟಲು ಕಲಿಸುತ್ತೇವೆ, ಬನ್ನಿ’ ಅಂದರು. ಅಂಟು ಅಕ್ಕಿಯನ್ನು ಎಲೆಯಲ್ಲಿ ಕಟ್ಟಿ ಬೇಯಿಸುವ ತಿಂಡಿ ಅದು. ಸುಮ್ನೆ ನಾಲ್ಕು ಫೋಟೋ ಹೊಡೆದುಕೊಂಡು ಬರೋಣ ಅಂತ ಹೋದೆ.

ಕಲಿಸಿದವರು ಅರವತ್ತರ ಆಸುಪಾಸಿನ ಒಬ್ಬ ‘ಆಯಿ’. ಇಲ್ಲಿ ಅಮ್ಮನ ವಯಸ್ಸಿನವರನ್ನು ಕರೆಯುವುದೇ ಹಾಗೆ. ಅಮ್ಮನನ್ನೇ ಆಯಿ ಅನ್ನುವ ಶಿರಸಿ ಕಡೆಯವರು ಕೇಳಿದರೆ ಖುಷಿಪಟ್ಟಾರು, ಅಲ್ವಾ?

ಕುದಿಸಿ ಮೆತ್ತಗಾದ ಎರಡು ಉದ್ದೆಲೆಗಳನ್ನು ಒಂದರ ಮೇಲೊಂದು ಅರ್ಧ ಇಟ್ಟು, ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಬೇಕು. ನೆನೆಸಿದ ಅಕ್ಕಿ ತುಂಬಿ, ಉಳಿದ ಎಲೆಯನ್ನೇ ಮುಚ್ಚಳ ಮಾಡಿ ದಾರ ಬಿಗಿಯಬೇಕು. ಒಳಗೆ ಸೋಯಾ ಸಾಸಿನಲ್ಲಿ ನೆನೆಸಿದ ಹಂದಿಮಾಂಸ ಇಡುತ್ತಾರೆ. ನಾನು ತಿನ್ನುವುದಿಲ್ಲವಲ್ಲ, ಕೆಂಪು ಬೋರೆಹಣ್ಣು ಇಟ್ಟೆ. ಮೂಡೆಗಾದರೆ ಬಾಯಿ ತೆರೆದಿರುತ್ತದೆ, ಹಿಟ್ಟು ಹಬೆಯಲ್ಲಿ ಬೇಯುತ್ತದೆ. ಇದು ನೀರಲ್ಲಿ ಮುಳುಗಿ ಗಂಟೆಗಟ್ಟಲೆ ಕುದಿಯಬೇಕು. ಒಂದು ಸಂದು ಸಿಕ್ಕರೂ ಅಕ್ಕಿ ಹೊರಗೆ. ಹಾಗಂತ ಅದುಮಿ ತುಂಬಿದರೆ ಅಕ್ಕಿ ಉಬ್ಬಲು ಜಾಗವಿಲ್ಲದೆ ನಡುವೆ ಬೇಯುವುದೇ ಇಲ್ಲ. ಆಯಿ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಒಂದು ಕೈಯಲ್ಲೇ ಬಿಗಿದುಬಿಡುತ್ತಿದ್ದರು. ನನಗೆ ಎರಡು ಕೈ, ಹಲ್ಲು ಎಲ್ಲ ಸೇರಿದರೂ ಸಾಲಲಿಲ್ಲ.

ನಡುವೆ ಜಾಣತನ ತೋರಿಸಲು ಹೋಗಿ, ‘ನದಿಗೆ ಹಾರಿದ ಕವಿ ಚೂ ಯುವಾನ್‌ಗಾಗಿ ಮಾಡುವುದಲ್ವಾ ಇದು?’ ಅಂದೆ. ಆಯಿ ಅಲ್ಲ ಅಂತ ತಲೆಯಾಡಿಸಿದರು. ‘ಅದು ಬೇರೆ ಊರಿನ ಮಾತು. ಸುಝೌನಲ್ಲಿ ವೂ ಝಿಶ್ಯೂನ ನೆನಪಿಗೆ.’ ಈ ಊರನ್ನು ಕಟ್ಟಿಸಿದವನು ಅವನೇ ಅಂತ ಇಲ್ಲಿನವರ ನಂಬಿಕೆ. ಕೊನೆಗೆ ರಾಜ ಅವನಿಗೆ ಸಾಯಲು ಹೇಳಿ, ಹೆಣವನ್ನು ತೊಗಲಿನ ಚೀಲದಲ್ಲಿ ಹಾಕಿ ನೀರಿಗೆ ಎಸೆಸಿದನಂತೆ.

ಆಮೇಲೆ ಕಾಗದದ ದೋಣಿ ಅಂಟಿಸುವುದು ಇತ್ತು. ಎಲ್ಲ ಕತ್ತರಿಸಿಟ್ಟ ಕಿಟ್, ಬೇಜಾರು. ಆದರೆ ಪರಿಮಳದ ಪುಟ್ಟ ಚೀಲ ಹೊಲಿಯುವಾಗ ಕೈ ನಿಂತುಬಿಟ್ಟಿತು. ಒಳಗೆ ತುಂಬಲು ಕೊಟ್ಟ ಒಣ ಸೊಪ್ಪು ಮೂಸಿದರೆ ಚೌತಿಯ ನೆನಪು! ನಮ್ಮ ಮಾಚಿಪತ್ರೆಯ ಕುಲದ್ದೇ ಅದು. ಬಾಗಿಲಿಗೆ ಕಟ್ಟಲು ಕತ್ತಿಯಂಥ ಎಲೆಯನ್ನೂ ಕೊಟ್ಟರು. ಫೋನಿನಲ್ಲಿ ಹುಡುಕಿದರೆ ಬಜೆ ಕಣೋ! ಸಾಣೆಕಲ್ಲಿನಲ್ಲಿ ತೇದು ಮಗುವಿನ ನಾಲಿಗೆಗೆ ಹಚ್ಚುತ್ತಾರಲ್ಲ, ಅದೇ. ಸೆಕೆ, ಮಳೆ, ಹುಳಹುಪ್ಪಟೆ ಶುರುವಾಗುವ ಈ ತಿಂಗಳು ಇವರಿಗೆ ‘ವಿಷದ ತಿಂಗಳು’. ಹಾವು, ಚೇಳು, ಜರಿ ಹತ್ತಿರ ಬರದಿರಲಿ ಅಂತ ಘಾಟು ವಾಸನೆಯ ಸೊಪ್ಪು ಕಟ್ಟುತ್ತಾರೆ.

ನಾನು ಕಟ್ಟಿದ ಐದರಲ್ಲಿ ಮೂರು ಪಾತ್ರೆಯಲ್ಲೇ ಬಿಚ್ಚಿಕೊಂಡವು. ಉಳಿದೆರಡನ್ನು ಆಯಿ ತಮ್ಮವರ ಜೊತೆ ಹಂಚಿಕೊಂಡು ತಿಂದರು. ಪಾಪ, ಚೆನ್ನಾಗಿದೆ ಅಂದರು. ಮೂಡೆಯ ವಿಷಯ ಹೇಳಿದೆ, ಕಟ್ಟುವುದನ್ನು ನೋಡಬೇಕಂತೆ. ಅಷ್ಟಮಿಗೆ ನಿಮ್ಮಮ್ಮ ಮುಂಡುಕದ ಎಲೆ ಬಾಡಿಸಿ ಸುತ್ತುವಾಗ ಒಂದು ವಿಡಿಯೋ ಮಾಡಿ ಕಳಿಸು. ಕೈ ಮಾತ್ರ ಕಂಡರೆ ಸಾಕು.

ನಿನ್ನ
ಹಳೇ ಬೆಂಚಿನ ಗೆಳೆಯ